ಅತ್ತೆ ಕೇಳಿಸಿಕೊಳ್ಳದ ಚೀಟಿ

ಕಂಪ್ಯೂಟರ್ ಕೇಂದ್ರದ ನೆಲಮಾಳಿಗೆಯ ಕೊನೆಯ ಬಾಗಿಲಿಗೆ ‘ವೈಜ್ಞಾನಿಕ ಗಣನೆಯ ಹಂಚಿಕೆ ತಂತ್ರಾಂಶ ಹಾಗೂ ದತ್ತಾಂಶ ಸಂಗ್ರಹ ವಿಭಾಗ’ ಎಂದು ಫಲಕ ಹಾಕಿದ್ದಾರೆ. ಅದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವರು ಇನ್ನೂ ಹುಟ್ಟಿಲ್ಲ. ಎಲ್ಲರ ಬಾಯಲ್ಲೂ ಅದು ಉಗ್ರಾಣ. ಅಲ್ಲಿ ಕೂರುವಾಕೆ ಉಗ್ರಾಣಿ.

ಉಗ್ರಾಣದಲ್ಲಿ ಇರುವುದು ಎರಡೇ ಬಗೆಯ ಸಾಮಾನು. ಒಂದು, ವಿಜ್ಞಾನಿಗಳು ಅಳೆದು ತಂದ ಅಂಕಿಗಳು: ಯಾರೋ ಸಮುದ್ರದ ಉಪ್ಪು ಅಳೆದದ್ದು, ಯಾರೋ ಭೂಮಿಯ ನಡುಕಕ್ಕೆ ಹತ್ತು ವರ್ಷ ಕಿವಿಗೊಟ್ಟು ಕೂತದ್ದು. ಇನ್ನೊಂದು, ಆ ಅಂಕಿಗಳನ್ನು ಅರೆದು ಉತ್ತರ ಹಿಂಡುವ ಪ್ರೋಗ್ರಾಮ್‌ಗಳು. ಒಬ್ಬರು ಇಟ್ಟದ್ದನ್ನು ಲೋಕದ ಯಾವ ಮೂಲೆಯಲ್ಲಿರುವವರಾದರೂ ಎತ್ತಿಕೊಂಡು ಬಳಸಬಹುದು. ಕೇಳಲು ಬಹಳ ಉದಾರವಾದ ಏರ್ಪಾಡು. ಆದರೆ ವಿಜ್ಞಾನಿಗಳು ಹಂಚಿಕೊಳ್ಳುವ ರೀತಿ ಹೇಗೆಂದು ಉಗ್ರಾಣಿಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಗೊತ್ತಾಗಿತ್ತು. ಆಗ ಎಲ್ಲವೂ ಟೇಪಿನ ಸುರುಳಿಗಳಲ್ಲಿ ಇರುತ್ತಿತ್ತು. ಒಬ್ಬ ಪ್ರೊಫೆಸರು ಕೊಟ್ಟ ಐದು ಸುರುಳಿಗಳ ಮೇಲೆ ಕ್ರಮವಾಗಿ ‘ಕೊನೆಯದು’, ‘ಹೊಸ ಕೊನೆಯದು’, ‘ನಿಜವಾದ ಕೊನೆಯದು’, ‘ಇದನ್ನೇ ಬಳಸಿ’, ‘ಇದನ್ನಲ್ಲ’ ಎಂದು ಬರೆದಿತ್ತು. ಯಾವುದು ಸರಿಯಾದದ್ದೆಂದು ಕೇಳಿದಾಗ ಪ್ರೊಫೆಸರು ತಲೆ ಕೆರೆದುಕೊಂಡು, “ಆರನೇದು ಒಂದಿತ್ತಲ್ಲ, ಅದು,” ಎಂದಿದ್ದರು.

ಅಂದಿನಿಂದ ಉಗ್ರಾಣಿಯದು ಒಂದೇ ಕಾನೂನು. ಸಾಮಾನಿನ ಜೊತೆಗೆ ಚೀಟಿ ಇರಬೇಕು. ಇದೇನು, ಯಾರು ಅಳೆದದ್ದು, ಹೇಗೆ, ಎಲ್ಲಿ ಹಾಳಾಗಿದೆ, ಏನು ಕಾಣೆಯಾಗಿದೆ, ಆಮೇಲೆ ಯಾರು ಯಾವಾಗ ಏನು ಬದಲಾಯಿಸಿದರು, ಇಷ್ಟೂ ಅದರಲ್ಲಿ ಇರಬೇಕು. ಚೀಟಿ ಇಲ್ಲದಿದ್ದರೆ ಸಾಮಾನು ಬಾಗಿಲಾಚೆ. ನೊಬೆಲ್ ಪಾರಿತೋಷಕ ಕಂಕುಳಲ್ಲಿಟ್ಟುಕೊಂಡು ಬಂದರೂ ಅಷ್ಟೇ.

ಚೀಟಿ ಬಂದರೂ ಮುಗಿಯುತ್ತಿರಲಿಲ್ಲ. ಅದಕ್ಕೆ ಒಂದು ಪರೀಕ್ಷೆಯಿತ್ತು. ಆ ಪರೀಕ್ಷೆ ಎಲ್ಲಿ ನಡೆಯುತ್ತದೆಂದು ಕೇಂದ್ರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಡೆಯುತ್ತಿದ್ದದ್ದು ಉಗ್ರಾಣಿಯ ಮನೆಯ ಅಡುಗೆಮನೆಯಲ್ಲಿ. ಪರೀಕ್ಷಕರು ಅವಳ ಅತ್ತೆ.

ಅದು ಶುರುವಾದದ್ದು ಅಕಸ್ಮಾತ್ತಾಗಿ. ಮಣ್ಣಿನ ತಜ್ಞರೊಬ್ಬರು ದೊಡ್ಡ ತೊಟ್ಟಿಗಳಲ್ಲಿ ಮಣ್ಣು ತುಂಬಿ ತೇವ ಅಳೆದಿದ್ದರು. ಅವರ ಚೀಟಿ ತಲೆಗೆ ಹತ್ತದೆ ಉಗ್ರಾಣಿ ಅದನ್ನು ಮನೆಗೆ ತಂದು, ಒಲೆಯ ಮುಂದೆ ನಿಂತು ತನಗೆ ತಾನೇ ಓದಿಕೊಳ್ಳುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅತ್ತೆ ಬೇಳೆ ಆರಿಸುತ್ತಾ ಕೇಳಿಸಿಕೊಂಡು, “ಹತ್ತು ಸೆಂಟಿಮೀಟರ್ ಅಂದ್ರೆ ಮೇಲಿಂದ ಹತ್ತಾ, ತಳದಿಂದ ಹತ್ತಾ?” ಎಂದರು. ಮರುದಿನ ಉಗ್ರಾಣಿ ಅದೇ ಪ್ರಶ್ನೆಯನ್ನು ತಜ್ಞರ ಮುಂದಿಟ್ಟಳು. ವಿಚಾರಿಸಿದಾಗ, ಅವರ ಇಬ್ಬರು ಸಹಾಯಕರಲ್ಲಿ ಒಬ್ಬ ಎರಡು ವರ್ಷ ಮೇಲಿನಿಂದಲೂ ಇನ್ನೊಬ್ಬ ಎರಡು ವರ್ಷ ತಳದಿಂದಲೂ ಅಳೆದಿದ್ದು ಹೊರಬಿತ್ತು. ತಜ್ಞರು ಆ ದಿನ ಊಟ ಬಿಟ್ಟರು.

ಅಂದಿನಿಂದ ಪ್ರತಿ ಚೀಟಿಯನ್ನೂ ಉಗ್ರಾಣಿ ತನ್ನ ನೋಟ್‌ಬುಕ್ಕಿಗೆ ನಕಲು ಮಾಡಿ ಮನೆಗೆ ಒಯ್ದಳು. ಅತ್ತೆ “ಹೂಂ” ಎಂದರೆ ಪುಟದ ಮೂಲೆಯಲ್ಲಿ ‘ಅ’ ಎಂದು ಬರೆಯುತ್ತಿದ್ದಳು. “ಏನು ಹಾಗಂದ್ರೆ?” ಎಂದರೆ ಚೀಟಿ ವಾಪಸು. ನೋಟ್‌ಬುಕ್ ನೋಡಿದವರು ‘ಅ’ ಎಂದರೆ ‘ಅನುಮೋದಿತ’ ಎಂದುಕೊಂಡರು. ಉಗ್ರಾಣಿ ತಿದ್ದಲು ಹೋಗಲಿಲ್ಲ.

ಹೀಗೆ ಮೂವತ್ತೈದು ವರ್ಷ ನಡೆಯಿತು. ಅತ್ತೆಗೆ ಎಂಬತ್ತೊಂದಾಯಿತು, ಸೊಸೆಗೆ ಐವತ್ತೆಂಟು. ಅತ್ತೆ ಇವತ್ತಿಗೂ ಅವಳನ್ನು ಕರೆಯುವುದು “ಏ ಹುಡುಗಿ” ಎಂದೇ. ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ಕೇಂದ್ರದ ನಿರ್ದೇಶಕರು (ಎಲ್ಲರ ಬಾಯಲ್ಲಿ ‘ದೊಡ್ಡವರು’, ಎತ್ತರ ಐದಡಿ ಎರಡಿಂಚು) ಉಗ್ರಾಣದ ಗೋಡೆಗೆ ಒಂದು ಹಿತ್ತಾಳೆ ಫಲಕ ಹಾಕಿಸಲು ತೀರ್ಮಾನಿಸಿದ್ದರು. ಮೇಲೆ ಅವಳ ಹೆಸರು, ಕೆಳಗೆ ‘ಮೂವತ್ತೈದು ವರ್ಷ, ಒಂದೂ ತಪ್ಪಿಲ್ಲ’. ಉಗ್ರಾಣಿ ನಾಚಿಕೊಂಡು “ಯಾಕೆ ಸಾರ್ ಅದೆಲ್ಲಾ” ಎಂದವಳೇ, ಕರಡು ತರಿಸಿಕೊಂಡು ತಾನೇ ತಿದ್ದಿ ಕೊಟ್ಟಿದ್ದಳು.

ಆ ಸೋಮವಾರ ಬೆಳಿಗ್ಗೆ ಗಾಳಿ ಡಾಕ್ಟರು ನೆಲಮಾಳಿಗೆಗೆ ಇಳಿದು ಬಂದರು. ಗುಡ್ಡಗಳ ಮೇಲೆ ಇಪ್ಪತ್ತೆರಡು ಕಂಬ ನೆಟ್ಟು, ಅವುಗಳ ತುದಿಯಲ್ಲಿ ಬಟ್ಟಲು ತಿರುಗಿಸಿ ಗಾಳಿಯ ವೇಗ ಅಳೆಯುವುದು ಅವರ ಕಸುಬು. ಸ್ವಂತ ಕೈಯಿಂದ ಒಂದು ಚೀಟಿಯನ್ನೂ ಬರೆದವರಲ್ಲ. ಅದೇನಿದ್ದರೂ ಅವರ ಗುಮಾಸ್ತನ ಪಾಲು. ಚೀಟಿಯ ಮಾತೆತ್ತಿದರೆ, “ನಾನು ವಿಜ್ಞಾನಿನಾ, ಲಗೇಜ್ ಬುಕ್ ಮಾಡೋಕೆ ಬಂದವನಾ?” ಎಂದು ಮೂಗು ಮುರಿಯುತ್ತಿದ್ದರು. ಆ ದಿನ ಮಾತ್ರ ಮೂಗು ನೆಟ್ಟಗಿತ್ತು. ಮುಖದಲ್ಲಿ ಗಾಳಿಯೇ ಇರಲಿಲ್ಲ.

“ನಿಮ್ಮ ಉಗ್ರಾಣಕ್ಕೆ ಇಲಿ ಹೊಕ್ಕಿದೆ ಮೇಡಂ.”

“ಕೂತ್ಕೊಳ್ಳಿ ಸಾರ್. ಇಲಿ ಆಮೇಲೆ ಹಿಡಿಯೋಣ. ಏನಾಯ್ತು?”

ಆದದ್ದು ಇಷ್ಟು. ಹತ್ತು ವರ್ಷದ ಹಿಂದೆ ಡಾಕ್ಟರು ಆರು ವರ್ಷದ ಅಳತೆಗಳನ್ನು ಲೆಕ್ಕ ಹಾಕಿ, ಆ ಗುಡ್ಡಗಳ ಮೇಲೆ ಗಾಳಿ ಸರಾಸರಿ ಸೆಕೆಂಡಿಗೆ 4.6 ಮೀಟರ್ ಬೀಸುತ್ತದೆಂದು ಪ್ರಬಂಧ ಪ್ರಕಟಿಸಿದ್ದರು. ಈಗ ದೂರದ ವಿಶ್ವವಿದ್ಯಾಲಯವೊಂದರ ಇಬ್ಬರು, ಅದೇ ಅಳತೆಗಳನ್ನೂ ಅದೇ ಪ್ರೋಗ್ರಾಮನ್ನೂ ಉಗ್ರಾಣದಿಂದ ಎತ್ತಿಕೊಂಡು ಲೆಕ್ಕ ಮಾಡಿದ್ದರು. ಬಂದದ್ದು 4.1. ಪತ್ರಿಕೆಗೆ ಕಾಗದ ಬರೆದು, ಉಳಿದ ಅರ್ಧ ಮೀಟರ್ ಗಾಳಿಯನ್ನು ಡಾಕ್ಟರು ಬಾಯಿಂದ ಊದಿರಬೇಕು ಎಂಬರ್ಥ ಬರುವಂತೆ ಬಹಳ ಮರ್ಯಾದೆಯ ಭಾಷೆಯಲ್ಲಿ ಹೇಳಿದ್ದರು. ಗುರುವಾರ ವಿಚಾರಣಾ ಸಮಿತಿ ಸೇರುವುದಿತ್ತು. ಅಂಕಿ ತಿರುಚಿದ್ದಾರೆಂದು ತೀರ್ಮಾನವಾದರೆ ಕೆಲಸ ಹೋಗುತ್ತದೆ, ಅದಕ್ಕಿಂತ ಮೊದಲು ಮಾನ ಹೋಗುತ್ತದೆ.

“ನನ್ನ ಮೆಷಿನ್ನಲ್ಲಿ ಇವತ್ತು ಬೆಳಿಗ್ಗೆನೂ ಓಡಿಸ್ದೆ. 4.6 ಅಂತಾನೇ ಬರುತ್ತೆ.”

“ಪ್ರೋಗ್ರಾಮ್ ಯಾವುದು?”

“ನಿಮ್ಮದೇ, ತೂತು ತುಂಬೋದು. ವರ್ಷನ್ 2.4. ಅವರದ್ದೂ ಅದೇ 2.4.”

“ನೀವು ಯಾವಾಗ ತಗೊಂಡು ಹೋಗಿದ್ದು?”

“ಹತ್ತು ವರ್ಷ ದಾಟಿರಬೇಕು. ಅದೇನು ಹಾಲಾ, ಕೆಡೋಕೆ?”

ತೂತು ತುಂಬುವ ಪ್ರೋಗ್ರಾಮ್ ಎಂದರೆ ಸಣ್ಣ ಸಾಧನ. ಮಾಪಕ ಕೆಟ್ಟೋ ಕರೆಂಟು ಹೋಗಿಯೋ ಕೆಲವು ಗಂಟೆಗಳ ಅಳತೆ ಸಿಕ್ಕಿರುವುದಿಲ್ಲ. ಆ ಖಾಲಿ ಜಾಗಗಳಿಗೆ ಸುತ್ತಲಿನ ಅಳತೆಗಳನ್ನು ನೋಡಿ ಒಂದು ಅಂದಾಜು ತುಂಬುವುದು ಅದರ ಕೆಲಸ. ಉಗ್ರಾಣಿ ಡಾಕ್ಟರ ಹಳೆಯ ಪ್ರತಿಯನ್ನೂ ಉಗ್ರಾಣದ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದಳು. ಸಾವಿರದ ಮುನ್ನೂರು ಸಾಲು. ಎರಡರ ನೆತ್ತಿಯ ಮೇಲೂ 2.4. ವ್ಯತ್ಯಾಸ ಒಂದೇ ಸಾಲಿನಲ್ಲಿ.

ಡಾಕ್ಟರ ಪ್ರತಿ ಹೇಳುತ್ತಿತ್ತು: ಅಳತೆ ಸೊನ್ನೆಗಿಂತ ಹೆಚ್ಚಿದ್ದರೆ ಇಟ್ಟುಕೋ, ಇಲ್ಲದಿದ್ದರೆ ಅದನ್ನು ತೂತೆಂದು ತಿಳಿದು ತುಂಬು. ಉಗ್ರಾಣದ ಪ್ರತಿ ಹೇಳುತ್ತಿತ್ತು: ಸೊನ್ನೆಯಿದ್ದರೂ ಇಟ್ಟುಕೋ. ಅಂದರೆ ಹಳೆಯ ಪ್ರೋಗ್ರಾಮು, ಗಾಳಿ ನಿಜಕ್ಕೂ ನಿಂತಿದ್ದ ಗಂಟೆಗಳನ್ನೆಲ್ಲ ಅಳತೆಯೇ ಸಿಕ್ಕಿಲ್ಲವೆಂದು ಭಾವಿಸಿ, ಇಲ್ಲದ ಗಾಳಿಯನ್ನು ತುಂಬಿಬಿಟ್ಟಿತ್ತು. ಗುಡ್ಡದ ಮೇಲೆ ನೂರಕ್ಕೆ ಹನ್ನೊಂದು ಗಂಟೆ ಗಾಳಿ ನಿಂತಿತ್ತು. ಡಾಕ್ಟರ ಅರ್ಧ ಮೀಟರ್ ಬಂದದ್ದು ಅಲ್ಲಿಂದ.

ಆ ಸಾಲನ್ನು ಯಾರೋ ತಿದ್ದಿದ್ದರು. ಸರಿಯಾಗಿಯೇ ತಿದ್ದಿದ್ದರು. ಆದರೆ ವರ್ಷನ್ ನಂಬರು ಬದಲಾಯಿಸಿರಲಿಲ್ಲ, ಚೀಟಿ ಹಾಕಿರಲಿಲ್ಲ. ಉಗ್ರಾಣಿಗೆ ಮೊದಲು ಮೈಯೆಲ್ಲ ಉರಿಯಿತು. ಯಾವ ದರಿದ್ರ ಮಾಡಿದ್ದು ಎಂದು ಬಾಯಿ ತೆರೆಯುವಷ್ಟರಲ್ಲಿ ಕಣ್ಣು ಆ ಸಾಲಿನ ಅಲ್ಪವಿರಾಮದ ಮೇಲೆ ನಿಂತಿತು. ಅದರ ನಂತರ ಎರಡು ಜಾಗ ಬಿಟ್ಟಿತ್ತು. ಅಲ್ಪವಿರಾಮದ ನಂತರ ಎರಡು ಜಾಗ ಬಿಡುವ ಚಟ ಇಡೀ ಕೇಂದ್ರದಲ್ಲಿ ಒಬ್ಬರಿಗೇ ಇತ್ತು. ಉಗ್ರಾಣದ ಸಾಮಾನಿಗೆ ಕೈ ಹಾಕುವ ಅಧಿಕಾರವೂ ಒಬ್ಬರಿಗೇ ಇತ್ತು.

“ಏನು ಮೇಡಂ, ಇಲಿ ಸಿಕ್ತಾ?”

“ನಾಳೆ ಹೇಳ್ತೀನಿ ಸಾರ್,” ಎಂದಳು ಉಗ್ರಾಣಿ.

ಬದಲಾವಣೆಗಳನ್ನೆಲ್ಲ ತಾನಾಗಿಯೇ ಬರೆದಿಟ್ಟುಕೊಳ್ಳುವ ವ್ಯವಸ್ಥೆ ಕೇಂದ್ರಕ್ಕೆ ಬಂದು ಆರು ವರ್ಷವಾಗಿತ್ತು. ಅದಕ್ಕೂ ಮೊದಲು ಉಗ್ರಾಣಿಯೇ ಆ ವ್ಯವಸ್ಥೆ. ಕಬ್ಬಿಣದ ಬೀರುವಿನಿಂದ ನೋಟ್‌ಬುಕ್ಕುಗಳನ್ನು ಇಳಿಸಿದಳು. ಹದಿನಾಲ್ಕನೆಯದರಲ್ಲಿ, ಒಂಬತ್ತು ವರ್ಷದ ಹಿಂದಿನ ಒಂದು ಶನಿವಾರದ ತಾರೀಖಿನ ಕೆಳಗೆ, ಆ ಸಾಲಿನ ಬಗ್ಗೆ ಅಚ್ಚುಕಟ್ಟಾದ ಚೀಟಿಯ ಕರಡು ಇತ್ತು. ಮೂಲೆಯಲ್ಲಿ ‘ಅ’ ಇರಲಿಲ್ಲ. ಅದರ ಬದಲು ಪೆನ್ಸಿಲಿನಲ್ಲಿ ಬರೆದಿತ್ತು: ‘ಅತ್ತೆ ಮಾತಾಡುತ್ತಿಲ್ಲ. ಮಾತಾಡಿದ ಮೇಲೆ ಓದಿ ಹಾಕುವುದು.’

ಉಗ್ರಾಣಿ ಪೆನ್ಸಿಲಿನ ಸಾಲನ್ನು ಇನ್ನೊಮ್ಮೆ ಓದಿದಳು. ಆ ಶನಿವಾರ ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು.

ಅದು ಡಬ್ಬಿ ಯುದ್ಧದ ಕಾಲ. ಅತ್ತೆಯ ಅಡುಗೆಮನೆಯಲ್ಲಿ ಹದಿನೆಂಟು ಡಬ್ಬಿಗಳಿದ್ದವು. ಸಕ್ಕರೆ ಯಾವುದರಲ್ಲಿ, ಉಪ್ಪು ಯಾವುದರಲ್ಲಿ ಎಂಬುದು ಅತ್ತೆಯ ತಲೆಯೊಳಗೆ ಮಾತ್ರ ದಾಖಲಾಗಿತ್ತು. ಅವರಿಗೆ ಮನಸ್ಸು ಬಂದಾಗ ಅದೂ ಬದಲಾಗುತ್ತಿತ್ತು. ಒಂದು ಬೆಳಿಗ್ಗೆ ಚಹಾಕ್ಕೆ ಉಪ್ಪು ಬಿದ್ದ ಮೇಲೆ ಉಗ್ರಾಣಿ ಆಫೀಸಿನಿಂದ ಅಂಟುಪಟ್ಟಿ ತಂದು ಹದಿನೆಂಟಕ್ಕೂ ಹೆಸರು ಅಂಟಿಸಿದಳು. ಸಂಜೆ ಬಂದು ನೋಡಿದರೆ ಅತ್ತೆ ಹದಿನೆಂಟನ್ನೂ ಬಿಸಿನೀರಲ್ಲಿ ನೆನೆಹಾಕಿ, ಉಜ್ಜಿ, ಬಿಸಿಲಿಗೆ ಬೋರಲು ಹಾಕಿದ್ದರು. “ನನ್ನ ಡಬ್ಬೀಲಿ ಏನಿದೆ ಅಂತ ನನಗೇ ಬರೆದು ತೋರಿಸ್ತಾಳೆ” ಎಂದು ಗೋಡೆಗೆ ಹೇಳಿ ಬಾಯಿಗೆ ಬೀಗ ಹಾಕಿಕೊಂಡರು. ಹನ್ನೊಂದು ದಿನ ಅತ್ತೆ ಸೊಸೆಯ ನಡುವೆ ಮಾತಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, “ಅಮ್ಮ ಹಾಲು ಉಕ್ತಿದೆ ಅಂತಿದ್ದಾಳೆ”, “ಅವಳು ಉಕ್ಕಲಿ ಅಂತಿದ್ದಾಳೆ” ಎಂದು ಒಂದೇ ಕೋಣೆಯಲ್ಲಿ ಆ ಮೂಲೆಯಿಂದ ಈ ಮೂಲೆಗೆ ಸುದ್ದಿ ಸಾಗಿಸಿದ. ಆ ಹನ್ನೊಂದು ದಿನಗಳ ನಡುವೆಯೇ ಉಗ್ರಾಣಿ ಸಾಲನ್ನು ತಿದ್ದಿದ್ದು. ಪರೀಕ್ಷಕರು ಮುಷ್ಕರದಲ್ಲಿದ್ದದ್ದರಿಂದ ಚೀಟಿ ಉಳಿಯಿತು. ಆಮೇಲೆ ಮಾತು ಬಂತು, ಚೀಟಿ ಮರೆತುಹೋಯಿತು.

ಅಂದೇ ಚೀಟಿ ಹಾಕಿದ್ದರೆ ಡಾಕ್ಟರು ಗೊಣಗುತ್ತಲೇ ತಮ್ಮ ಅಂಕಿ ತಿದ್ದಿಕೊಳ್ಳುತ್ತಿದ್ದರು, ಯಾರೂ ಯಾರನ್ನೂ ಸುಳ್ಳ ಎನ್ನುತ್ತಿರಲಿಲ್ಲ.

ಮಂಗಳವಾರ ಉಗ್ರಾಣಿ ದೊಡ್ಡವರ ಕೋಣೆಗೆ ನೋಟ್‌ಬುಕ್ ಒಯ್ದಳು. ಅವರು ಪೂರ್ತಿ ಕೇಳಿ, ಬಾಗಿಲು ಮುಚ್ಚಿಕೊಂಡು ಬಂದರು.

“ಇದು ಬೇರೆ ಯಾರಿಗೆ ಗೊತ್ತು?”

“ನಿಮಗೆ, ನನಗೆ.”

“ಹಾಗಾದ್ರೆ ಇಷ್ಟು ಉದ್ದ ಯಾಕೆ? ‘ಹಿಂದೆ ಯಾವಾಗಲೋ ಪ್ರತಿಗಳಲ್ಲಿ ವ್ಯತ್ಯಾಸ ಉಂಟಾಗಿದೆ’ ಅಂತ ಒಂದು ಸಾಲು ಬರೆದುಕೊಡಿ. ಡಾಕ್ಟರು ಬಚಾವ್ ಆದ್ರೆ ಆಗ್ತಾರೆ. ನಿಮ್ಮ ಹೆಸರೂ ಬರಲ್ಲ, ಕೇಂದ್ರದ ಹೆಸರೂ ಕೆಡಲ್ಲ.” ಆಮೇಲೆ ದನಿ ತಗ್ಗಿಸಿ, “ಫಲಕ ಕೆತ್ತೋಕೆ ಹೋಗಿಬಿಟ್ಟಿದೆಯಮ್ಮ,” ಎಂದರು.

ಆ ಮಾತು ಸರಿಯಾಗಿ ನಾಟಿತು. ಸುಳ್ಳಂತೂ ಅಲ್ಲವಲ್ಲ, ವ್ಯತ್ಯಾಸ ಉಂಟಾದದ್ದು ನಿಜವೇ ತಾನೆ ಎಂದು ಉಗ್ರಾಣಿ ತನಗೆ ತಾನೇ ಹೇಳಿಕೊಂಡಳು. ಬುಧವಾರ ಮಧ್ಯಾಹ್ನದವರೆಗೆ ಒರೆಸಿ ಬರೆದು, ಬರೆದು ಒರೆಸಿ, ದೊಡ್ಡವರು ಹೇಳಿದಂಥದ್ದೇ ಒಂದು ಚೀಟಿ ತಯಾರಿಸಿದಳು. ಗಾಜು ಒರೆಸಿದಷ್ಟು ನುಣುಪಾಗಿತ್ತು. ಹಿಡಿದುಕೊಳ್ಳಲು ಎಲ್ಲೂ ಒಂದು ಹಿಡಿಯಿಲ್ಲ. ಇದನ್ನು ಮನೆಯಲ್ಲಿ ಓದುವುದು ಬೇಡ ಎಂದುಕೊಂಡಳು. ಆದರೆ ಮೂವತ್ತೈದು ವರ್ಷದ ಕಾಲಿಗೆ ದಾರಿ ಗೊತ್ತಿತ್ತು. ಸಂಜೆ ಐದೂವರೆಗೆ ಅದು ಅವಳನ್ನು ಅಡುಗೆಮನೆಯ ಮಣೆಯ ಮುಂದೆ ತಂದು ನಿಲ್ಲಿಸಿತು.

ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ಕೇಳಿದರು.

“ವ್ಯತ್ಯಾಸ ಆಯ್ತು ಅಂತೀಯಲ್ಲ, ಯಾರು ಮಾಡಿದ್ದು?”

“ಅದು ಹಳೇ ಕಾಲದ್ದು ಅತ್ತೆ.”

“ಹಳೇ ಕಾಲದಲ್ಲಿ ಕೈ ಇರಲಿಲ್ವಾ? ತಾನೇ ಎದ್ದು ಬದಲಾಯ್ತಾ?”

ಉಗ್ರಾಣಿ ಚೀಟಿಯನ್ನು ಎರಡಾಗಿ ಮಡಿಸಿದಳು.

“ಏ ಹುಡುಗಿ. ನೀನಾ?”

ಉಗ್ರಾಣಿ ಮಣೆಯ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಗಾಳಿ, ಕಂಬ, ಸೊನ್ನೆ, ತೂತು. ಸೊನ್ನೆಯ ಭಾಗಕ್ಕೆ ಬಂದಾಗ ಅತ್ತೆ ತಡೆದರು. “ಗಾಳಿ ಇಲ್ಲ ಅನ್ನೋದು ಬೇರೆ, ಗಾಳಿ ಇತ್ತೋ ಇಲ್ವೋ ಗೊತ್ತಿಲ್ಲ ಅನ್ನೋದು ಬೇರೆ. ಅಷ್ಟೇ ತಾನೆ? ಅದಕ್ಕೆ ಇಷ್ಟು ಸುತ್ತು ಹೊಡೀಬೇಕಾ?” ಡಬ್ಬಿ ಯುದ್ಧದ ಭಾಗ ಬಂದಾಗ ಬೆಳ್ಳುಳ್ಳಿ ಬಿಡಿಸುವುದು ನಿಂತಿತು. ಪೆನ್ಸಿಲಿನ ಸಾಲನ್ನು ಎರಡು ಸಲ ಓದಿಸಿದರು.

“ಒಂದೇ ಹೆಸರಿನ ಡಬ್ಬಿ, ಒಳಗೆ ಬೇರೆ ಸಾಮಾನು. ಅದನ್ನ ನಾನು ಮಾಡಿದ್ರೆ ಇಡೀ ಮನೆ ನಗುತ್ತೆ.”

“ಹೂಂ ಅತ್ತೆ.”

“ನನ್ನ ಡಬ್ಬಿಗೆ ಹೆಸರೇ ಇರಲಿಲ್ಲ. ನಾನು ಯಾರಿಗೂ ಮೋಸ ಮಾಡಿಲ್ಲ.” ಈ ವಾದದಲ್ಲಿ ಹುರುಳಿದೆಯೆಂದು ಉಗ್ರಾಣಿಗೆ ಅನಿಸಿತು, ಹೇಳಲಿಲ್ಲ. “ಆ ಗಾಳಿಯವನು ಸುಳ್ಳ ಅನ್ನಿಸ್ಕೊಂಡ್ರೆ ನಿನ್ನ ಫಲಕ ನೋಡೋಕೆ ನಿನಗೆ ಚೆಂದ ಇರುತ್ತಾ?”

“ಇಲ್ಲ.”

“ಹಾಗಾದ್ರೆ ಬರಿ. ನಾನು ಮಾಡಿದೆ ಅಂತ ಬರಿ. ಮಾತು ಬಿಟ್ಟಿದ್ವಿ ಅಂತಾನೂ ಬರಿ. ಹನ್ನೊಂದು ದಿನ ಬಿಟ್ಟಿದ್ದು ನಾನೊಬ್ಬಳೇ ಅಲ್ಲ, ನೀನೂ ಬಿಟ್ಟಿದ್ದೆ. ಅದನ್ನೂ ಹಾಕು.”

“ಸಮಿತಿಯವರು ನಗ್ತಾರೆ ಅತ್ತೆ.”

“ನಗಲಿ. ಆ ಮನುಷ್ಯನ ಕೆಲಸ ಉಳಿಯುತ್ತಲ್ಲ.”

ಗುರುವಾರ ಸಮಿತಿಯ ಮೂವರು ಉದ್ದನೆಯ ಮೇಜಿನ ಆಚೆ ಕೂತಿದ್ದರು. ಡಾಕ್ಟರು ಈಚೆ, ಕೈದಿಯಂತೆ. ಉಗ್ರಾಣಿ ನಿಂತು ಚೀಟಿ ಓದಿದಳು. ಈ ತಾರೀಖಿನಂದು ನಾನು ಈ ಸಾಲು ತಿದ್ದಿದೆ. ತಿದ್ದಿದ್ದು ಸರಿ. ನಂಬರು ಬದಲಾಯಿಸದೆ, ಯಾರಿಗೂ ತಿಳಿಸದೆ ಇದ್ದದ್ದು ತಪ್ಪು. ಡಾಕ್ಟರ ಅಂಕಿ ತಪ್ಪಾಗಿದೆ, ಆದರೆ ಅದು ಪ್ರಾಮಾಣಿಕವಾದ ತಪ್ಪು; ಅವರು ಬಳಸಿದ ಪ್ರತಿ ಕೊಡುತ್ತಿದ್ದದ್ದೇ ಆ ಉತ್ತರ. ಇಷ್ಟನ್ನು ಎರಡೂ ಪ್ರತಿಗಳನ್ನು ಅಲ್ಲೇ ಓಡಿಸಿ ತೋರಿಸಿದಳು: ಒಂದರಲ್ಲಿ 4.6, ಒಂದರಲ್ಲಿ 4.1.

“ಎಲ್ಲಾ ಸರಿ,” ಎಂದರು ಸಮಿತಿಯ ಹಿರಿಯರು. “ಒಂಬತ್ತು ವರ್ಷ ಚೀಟಿ ಯಾಕೆ ಹಾಕಲಿಲ್ಲ?”

ಉಗ್ರಾಣಿ ಕೊನೆಯ ಪ್ಯಾರಾ ಓದಿದಳು. “‘ನನಗೂ ನನ್ನ ಅತ್ತೆಯವರಿಗೂ ಹನ್ನೊಂದು ದಿನ ಮಾತಿರಲಿಲ್ಲ. ಅವರಿಗೆ ಓದಿ ಹೇಳದೆ ನಾನು ಯಾವ ಚೀಟಿಯನ್ನೂ ಹಾಕುವುದಿಲ್ಲ. ಮಾತು ಬಂದ ಮೇಲೆ ಮರೆತೆ.’”

ಒಬ್ಬ ಸದಸ್ಯರು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಮರ ನೋಡಿದರು. ಅವರ ಹೆಗಲು ಅಲುಗುತ್ತಿತ್ತು. ನಡಾವಳಿ ಬರೆಯುತ್ತಿದ್ದ ಗುಮಾಸ್ತ ತಲೆಯೆತ್ತಿದ.

“ಸಾರ್, ಇದನ್ನ ಹಾಗೇ ಬರ್ಕೊಳ್ಳಲಾ?”

“ಹಾಗೇ ಬರ್ಕೊ.”

ಡಾಕ್ಟರ ಮೇಲಿನ ಆರೋಪ ಬಿದ್ದುಹೋಯಿತು. ಪ್ರಬಂಧಕ್ಕೆ ತಿದ್ದುಪಡಿ ಹಾಕಬೇಕೆಂದು ತೀರ್ಮಾನವಾಯಿತು. ಹೊರಗೆ ಮೆಟ್ಟಿಲ ಹತ್ತಿರ ಡಾಕ್ಟರು ಉಗ್ರಾಣಿಯನ್ನು ನಿಲ್ಲಿಸಿದರು. ಕೃತಜ್ಞತೆ ಹೇಳುವುದೋ ಜಗಳ ತೆಗೆಯುವುದೋ ಎಂದು ಅವರಿಗೇ ಸ್ಪಷ್ಟವಿದ್ದಂತಿರಲಿಲ್ಲ.

“ನನ್ನ ಗಾಳೀಲಿ ನೂರಕ್ಕೆ ಹನ್ನೊಂದು ಪಾಲು ತಿಂದುಬಿಟ್ರಲ್ಲ ಮೇಡಂ.”

“ಇಲ್ಲದ ಗಾಳಿ ಸಾರ್ ಅದು.”

“ಅದೇ ಹೊಟ್ಟೆ ಉರೀತಿರೋದು.” ಆಮೇಲೆ ಎರಡು ಮೆಟ್ಟಿಲು ಇಳಿದು ಹಿಂದೆ ತಿರುಗಿದರು. “ನೀವು ಸುಮ್ಮನೆ ಇರಬಹುದಿತ್ತು.”

ಫಲಕ ಮುಂದಿನ ವಾರ ಬಂತು. ದೊಡ್ಡವರು ಅದನ್ನು ನೋಡಿ, ಉಗ್ರಾಣಿಯನ್ನು ನೋಡಿ, ಕೆತ್ತುವವನಿಗೆ ವಾಪಸು ಕಳಿಸಿದರು. ಹಿತ್ತಾಳೆಯ ಮೇಲೆ ಕೆತ್ತಿದ್ದನ್ನು ಅವನು ಉಜ್ಜಿ ತೆಗೆಯಬಲ್ಲ. ಬೇರೇನು ಬರೆಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಈಗ ಉಗ್ರಾಣದ ಗೋಡೆಯ ಮೇಲೆ ಅವಳ ಹೆಸರಿನ ಕೆಳಗೆ ‘ಮೂವತ್ತೈದು ವರ್ಷ,’ ಎಂದಷ್ಟೇ ಇದೆ. ಅಲ್ಪವಿರಾಮದ ಮುಂದೆ ಎರಡಕ್ಕಿಂತ ಬಹಳ ಹೆಚ್ಚು ಜಾಗ ಖಾಲಿ. ನೋಡಿದವರು ಏನೋ ಮುಂದುವರಿಯಲಿದೆ ಎಂದು ಒಂದು ಗಳಿಗೆ ಕಾಯುತ್ತಾರೆ. ಉಗ್ರಾಣಿ ತಿಂಡಿ ಡಬ್ಬಿ ತೆರೆಯುವಾಗೆಲ್ಲ ಅದರತ್ತ ಒಮ್ಮೆ ನೋಡುತ್ತಾಳೆ. ಮೊದಮೊದಲು ಚುರುಕ್ಕೆನ್ನುತ್ತಿತ್ತು. ಈಗ ಅಷ್ಟಿಲ್ಲ.

ಹದಿನಾಲ್ಕನೇ ನೋಟ್‌ಬುಕ್ಕಿನ ಆ ಪುಟಕ್ಕೆ ‘ಅ’ ಬಿದ್ದದ್ದು ಗುರುವಾರ ಸಂಜೆಯೇ. ಅದನ್ನು ಬರೆದವರು ಅತ್ತೆ. ಇಷ್ಟು ವರ್ಷ ತಮ್ಮ ಹೆಸರಲ್ಲಿ ಒಂದು ಗುರುತು ಬೀಳುತ್ತಿತ್ತೆಂದು ಅವರಿಗೆ ಅಂದೇ ತಿಳಿದದ್ದು. “ಸಂಬಳ ಇಲ್ಲದ ಕೆಲಸಕ್ಕೆ ಸಹಿ ಬೇರೆ” ಎಂದು ಗೊಣಗಿ, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಅರ್ಧ ಪುಟ ತುಂಬುವಷ್ಟು ದೊಡ್ಡದಾಗಿ ಬರೆದರು.

ತಿಂಗಳ ಕೊನೆಗೆ ಗಾಳಿ ಡಾಕ್ಟರು ಮತ್ತೆ ನೆಲಮಾಳಿಗೆಗೆ ಇಳಿದರು. ಕೈಯಲ್ಲಿ ಹೊಸ ಅಳತೆಗಳು, ಜೊತೆಗೆ ಒಂದು ಚೀಟಿ. ಗುಮಾಸ್ತನ ಕೈಬರಹವಲ್ಲ.

“ನಾನೇ ಬರೆದಿದ್ದು,” ಎಂದರು, ಯಾರೋ ಕೇಳಿದಂತೆ. “ಒಂದು ತಪ್ಪು ಹುಡುಕಿ ನೋಡೋಣ.”

ಉಗ್ರಾಣಿ ಹುಡುಕಿದಳು, ಸಿಗಲಿಲ್ಲ. ನಕಲು ಮಾಡಿಕೊಂಡು ಮನೆಗೆ ಒಯ್ದಳು. ಮರುದಿನ ಡಾಕ್ಟರು ಬಂದಾಗ ಚೀಟಿ ವಾಪಸು ಕೊಟ್ಟಳು.

“ಯಾಕೆ?”

“ಒಂದು ಪ್ರಶ್ನೆ ಇದೆ ಸಾರ್. ‘ನಮ್ಮನೆ ಫ್ಯಾನು ತಿರುಗದೇ ಇದ್ರೆ ಕರೆಂಟಿಲ್ಲ ಅಂತಾನೇನಾ, ಫ್ಯಾನೂ ಕೆಟ್ಟಿರಬಹುದಲ್ಲ? ಕಂಬದ ಮೇಲಿನ ಬಟ್ಟಲು ತುಕ್ಕು ಹಿಡಿದು ನಿಂತ್ರೂ ಸೊನ್ನೆ ಬರುತ್ತೆ. ಆ ಸೊನ್ನೆ ಗಾಳಿ ಇಲ್ಲದ್ದಾ, ಗೊತ್ತಿಲ್ಲದ್ದಾ?’”

ಡಾಕ್ಟರು ಚೀಟಿಯನ್ನು ನೋಡಿದರು, ಗೋಡೆಯ ಮೇಲಿನ ಅರ್ಧ ಖಾಲಿ ಫಲಕವನ್ನು ನೋಡಿದರು. ತುಟಿ ಅಲುಗುತ್ತಿತ್ತು, ಇಪ್ಪತ್ತೆರಡು ಕಂಬಗಳಲ್ಲಿ ಎಷ್ಟಕ್ಕೆ ತುಕ್ಕು ಹಿಡಿದಿತ್ತೆಂದು ಎಣಿಸುತ್ತಿದ್ದರು. ಹನ್ನೊಂದು ಪಾಲಿನಲ್ಲಿ ಕೆಲವಾದರೂ ಅವರಿಗೆ ವಾಪಸು ಸಿಗಬಹುದಿತ್ತು. ನಿಜವಾದ ಉತ್ತರ ಎರಡೂ ಅಂಕಿಗಳ ನಡುವೆ ಎಲ್ಲೋ ಕೂತಿರಬಹುದಿತ್ತು.

“ಇದನ್ನ ಕೇಳಿದ್ದು ಯಾರು? ಸಮಿತಿಯವರಾ?”

“ಅಲ್ಲ ಸಾರ್. ನಮ್ಮತ್ತೆ.”

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು.

“ಒಂದು ಪೆನ್ನು ಕೊಡಿ,” ಎಂದರು. “ಅವರಿಗೆ ಸಂಜೆ ಎಷ್ಟು ಗಂಟೆಗೆ ಬಿಡುವಿರುತ್ತೆ?”